ತೆನೆ ಹಬ್ಬದ ಅಕ್ಕಿಯೂ ಭೂಮಿಯ ಹೊದಿಕೆಯೂ



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ನೊವೆನಾದ ಒಂಬತ್ತು ದಿನವೂ ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಹಬ್ಬದಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯ ಹಿರಿಯರು ಅದರ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಅಂದಿನ ಬಲಿಪೂಜೆಯಲ್ಲಿ ಸಂತ ಮತ್ತಾಯನ ಶುಭಸಂದೇಶದಿಂದ ಪ್ರಭು ಯೇಸುವಿನ ವಂಶಾವಳಿಯನ್ನು ಓದಲಾಗುತ್ತದೆ. ಅಬ್ರಹಾಮನಿಂದ ಜೋಸೆಫರವರೆಗಿನ ಆ ಹೆಸರುಗಳ ಸಾಲು ಕೇಳುವಾಗ ನಮ್ಮಲ್ಲಿ ಅನೇಕರಿಗೆ ಆಕಳಿಕೆ ಬರುವುದುಂಟು. ಆದರೂ ಈ ವರ್ಷ ಆ ತೆನೆಯನ್ನೂ ಆ ವಂಶಾವಳಿಯನ್ನೂ ಮುಂದಿಟ್ಟುಕೊಂಡು ಹವಾಮಾನ ಬದಲಾವಣೆಯ ಬಗ್ಗೆ ಯೋಚಿಸೋಣ. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ಘೋಷಿಸಿದ್ದರಿಂದ, ನಮ್ಮ ಹಬ್ಬ ಬರುವುದೂ ಅದೇ ಪ್ರಾರ್ಥನೆಯ ಕಾಲದಲ್ಲಿ.

ಮೊದಲು ವಿಜ್ಞಾನದ ಮಾತು. ಸೂರ್ಯನ ಬೆಳಕು ಗಾಳಿಯನ್ನು ಹಾದುಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಗಾಳಿಯ ಬಹುಪಾಲಾಗಿರುವ ಸಾರಜನಕ, ಆಮ್ಲಜನಕಗಳು ಈ ಕಿರಣಗಳನ್ನು ತಡೆಯುವುದಿಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಮಾತ್ರ ಅವುಗಳನ್ನು ಹೀರಿಕೊಂಡು ಒಂದು ಪಾಲನ್ನು ಮತ್ತೆ ಕೆಳಕ್ಕೆ ಕಳುಹಿಸುತ್ತವೆ. ಚಳಿಗಾಲದ ರಾತ್ರಿ ಹೊದ್ದ ಕಂಬಳಿಯಂತೆ ಇದು ಭೂಮಿಯನ್ನು ಬೆಚ್ಚಗಿಡುತ್ತದೆ. ಈ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಹೊದಿಕೆ ಇರುವುದರಿಂದ ಅದು ಸುಮಾರು 15 ಡಿಗ್ರಿ. ಆದ್ದರಿಂದ ಹೊದಿಕೆ ಶಾಪವಲ್ಲ, ವರದಾನವೇ. ಇದೇನೂ ನಿನ್ನೆ ಮೊನ್ನೆಯ ವಾದವಲ್ಲ. ಈ ಅನಿಲಗಳು ಶಾಖವನ್ನು ಹೀರುತ್ತವೆಂದು ಜಾನ್ ಟಿಂಡಲ್ ಎಂಬ ವಿಜ್ಞಾನಿ 1859ರಲ್ಲೇ ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿದ್ದರು.

ತೊಂದರೆ ಇರುವುದು ಹೊದಿಕೆ ದಪ್ಪವಾಗುತ್ತಿರುವುದರಲ್ಲಿ. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್‌ನವು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಅಳತೆ ಆರಂಭಿಸಿದಾಗ ಅದು ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಇದು ನಮ್ಮದೇ ಹೊಗೆ ಎಂದು ಹೇಗೆ ಗೊತ್ತು? ಸಜೀವ ಗಿಡಮರಗಳ ಇಂಗಾಲದಲ್ಲಿ ವಿಕಿರಣ ಸೂಸುವ ಒಂದು ಬಗೆಯ ಅಂಶ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಕೋಟ್ಯಂತರ ವರ್ಷ ಮಣ್ಣಿನಡಿ ಇದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ಅದು ಅಳಿದುಹೋಗಿರುತ್ತದೆ. ಗಾಳಿಗೆ ಸೇರುತ್ತಿರುವುದು ಅಂಥ ಹಳೆಯ ಇಂಗಾಲ ಎಂಬುದು ಪರೀಕ್ಷೆಯಲ್ಲಿ ಕಾಣುತ್ತದೆ. ಸೂರ್ಯನೇ ಹೆಚ್ಚು ಸುಡುತ್ತಿದ್ದಾನೆ ಎಂದು ವಾದಿಸುವವರು ಇಗರ್ಜಿಯ ಅಂಗಳದಲ್ಲೂ ಸಿಗುತ್ತಾರೆ. ಹಾಗಿದ್ದರೆ ಗಾಳಿಯ ಮೇಲ್ಪದರವೂ ಕಾಯಬೇಕಿತ್ತು. ಆದರೆ ಕೆಳಗಿನ ಪದರ ಕಾಯುತ್ತಿದ್ದು, ಮೇಲಿನ ಪದರ ತಣ್ಣಗಾಗುತ್ತಿದೆ. ಶಾಖವನ್ನು ಹೊದಿಕೆ ತಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಇನ್ನು ತೆನೆಗೆ ಬರೋಣ. ಭತ್ತ ಹೂ ಬಿಡುವ ಹೊತ್ತಿನಲ್ಲಿ ಬಿಸಿ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಅದಕ್ಕಿಂತ ಮೋಸದ್ದು ರಾತ್ರಿಯ ಸೆಕೆ. ಗಿಡ ಹಗಲು ಕೂಡಿಟ್ಟ ಆಹಾರವನ್ನು ಬಿಸಿ ರಾತ್ರಿಯಲ್ಲಿ ಉಸಿರಾಡಿಯೇ ಹೆಚ್ಚು ಖರ್ಚು ಮಾಡುತ್ತದೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಬೇಸಿಗೆ ಬೆಳೆಯ ಕಾಲದ ರಾತ್ರಿ ಉಷ್ಣತೆ ಒಂದು ಡಿಗ್ರಿ ಏರಿದಾಗ ಇಳುವರಿ ಶೇಕಡಾ 10ರಷ್ಟು ಇಳಿದದ್ದು ಅದರಲ್ಲಿ ಕಂಡುಬಂತು. ಮಳೆಯ ಕಥೆಯೂ ಇದೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಸುರಿದಾಗ ಒಮ್ಮೆಗೇ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದದ್ದನ್ನು ನಾವು ಮರೆತಿಲ್ಲ. ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಗುಡ್ಡ ಕಡಿದು ಮನೆ, ರಸ್ತೆ ಮಾಡಿದವರು ನಾವೇ.

ವಂಶಾವಳಿಯ ವಿಷಯ ಇಲ್ಲಿ ಬರುತ್ತದೆ. ಮೀಥೇನ್ ಹತ್ತು ಹನ್ನೆರಡು ವರ್ಷಗಳಲ್ಲಿ ಹೆಚ್ಚಾಗಿ ಕರಗಿಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದರಲ್ಲಿ ಸ್ವಲ್ಪವನ್ನು ಕಾಡೂ ಕಡಲೂ ಬೇಗ ಹೀರಿಕೊಂಡರೂ ಗಣನೀಯ ಪಾಲು ಸಾವಿರ ವರ್ಷಗಳ ನಂತರವೂ ಗಾಳಿಯಲ್ಲೇ ಇರುತ್ತದೆ. ಮತ್ತಾಯನು ಎಣಿಸಿದಷ್ಟೇ ತಲೆಮಾರುಗಳನ್ನು ನಮ್ಮಿಂದ ಮುಂದಕ್ಕೆ ಎಣಿಸಿದರೆ, ಆ ಸಾಲಿನ ಕೊನೆಯ ಮಗುವೂ ನಾವು ಇಂದು ಉರಿಸಿದ ಕಲ್ಲಿದ್ದಲಿನ ಒಂದಂಶವನ್ನು ಹೊದ್ದಿರುತ್ತದೆ. ಆ ಮಗುವಿನ ಹೆಸರು ನಮಗೆ ಗೊತ್ತಿಲ್ಲ. ಅಬ್ರಹಾಮನಿಗೂ ಮರಿಯಮ್ಮನವರ ಹೆಸರು ಗೊತ್ತಿರಲಿಲ್ಲ. ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಮುಂದಿನ ತಲೆಮಾರುಗಳಿಗೆ ನ್ಯಾಯ ಸಲ್ಲಬೇಕೆಂದು ವಾದಿಸಿದ್ದು ಇದೇ ಕಾರಣಕ್ಕೆ.

ನ್ಯಾಯದ ಮಾತು ಬಂದಾಗ ತಕ್ಕಡಿಯನ್ನು ಸರಿಯಾಗಿ ಹಿಡಿಯಬೇಕು. ವರ್ಷಕ್ಕೆ ಒಬ್ಬ ಅಮೆರಿಕನ್ನನ ಪಾಲಿಗೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಂದರೆ, ಒಬ್ಬ ಭಾರತೀಯನ ಪಾಲು ಸುಮಾರು 2 ಟನ್. ಅದರಲ್ಲೂ ಕೂಲಿ ಮಾಡುವವರ ಪಾಲು ಏನೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಭಾಗ ಕಲ್ಲಿದ್ದಲಿನದೇ. ಅದರಿಂದ ಒಂದು ಯೂನಿಟ್ ತಯಾರಾಗುವಾಗ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಪೋಪ್ 16ನೇ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ, ವ್ಯಾಟಿಕನ್ನಿನ ಆರನೇ ಪೌಲರ ಸಭಾಂಗಣದ ಚಾವಣಿಗೆ ಸುಮಾರು 2,400 ಸೌರಫಲಕಗಳನ್ನು ಹಾಕಿಸಲಾಯಿತು. ನಮ್ಮ ಸಮುದಾಯ ಭವನಗಳ ಚಾವಣಿಗಳು ಸಣ್ಣವು, ಆದರೆ ಬಿಸಿಲು ರೋಮಿಗಿಂತ ಧಾರಾಳ. 3 ಕಿಲೋವ್ಯಾಟ್‌ನ ಫಲಕಗಳು ಬಿಸಿಲಿನ ದಿನ ಹತ್ತು ಹನ್ನೆರಡು ಯೂನಿಟ್ ಕೊಡುತ್ತವೆ. ಹಬ್ಬಕ್ಕೆ ವಾರವಿಡೀ ಗೋಪುರಕ್ಕೆ ಸುತ್ತುವ ದೀಪದ ಸರಗಳನ್ನು ಎರಡು ದಿನಕ್ಕೆ ಇಳಿಸಿದರೆ ಮಾತೆ ಮರಿಯಮ್ಮನವರು ಬೇಸರಪಡಲಾರರು.

ಗದ್ದೆಯ ಮಾತು ಉಳಿಯಿತು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಉಂಟುಮಾಡುತ್ತವೆ. ಇದಕ್ಕಾಗಿ ಬೇಸಾಯಗಾರರನ್ನು ದೂರುವುದು ಬೇಡ. ಊಟ ಮಾಡುವವರು ನಾವೆಲ್ಲರೂ. ಉಪಾಯವೂ ಸುಲಭದ್ದೇ. ತೂತು ಕೊರೆದ ಪೈಪೊಂದನ್ನು ಗದ್ದೆಯಲ್ಲಿ ಹುಗಿದು, ನೀರು ಮಣ್ಣಿನಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಮತ್ತೆ ನೀರು ಹಾಯಿಸುವುದು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ನಿಂತಿರಬೇಕು. ಹೀಗೆ ಮಾಡಿದರೆ ಮೀಥೇನ್ ಬಹಳಷ್ಟು ತಗ್ಗುತ್ತದೆ, ನೀರೂ ಉಳಿಯುತ್ತದೆ. ಮಳೆಯನ್ನೇ ನಂಬಿದ ಕರಾವಳಿಯ ಏಣೆಲು ಬೆಳೆಗೆ ಇದು ಹೊಂದದು. ಸುಗ್ಗಿ ಬೆಳೆಗೆ, ಮಂಡ್ಯ, ಗಂಗಾವತಿಯ ನಾಲೆ ನೀರಿನ ಗದ್ದೆಗಳಿಗೆ ಹೊಂದುತ್ತದೆ. ಆದರೆ ನಾಲೆಯ ನೀರು ಸರದಿಯಲ್ಲಿ ಬರುವ ಕಡೆ ಒಬ್ಬನೇ ಮಾಡಲಾಗದು. ಅಕ್ಕಪಕ್ಕದ ಗದ್ದೆಯವರೂ ಒಪ್ಪಬೇಕು. ಅಂಥ ಊರುಗಳ ಧರ್ಮಕೇಂದ್ರಗಳಲ್ಲಿ ಮುಂದಿನ ನಾಟಿಗೆ ಮೊದಲು ಎಲ್ಲ ಮತದ ರೈತರನ್ನೂ ಸಭಾಭವನಕ್ಕೆ ಕರೆದು, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದವರಿಂದ ಈ ವಿಧಾನ ಹೇಳಿಸಬಹುದು.