ಮಣ್ಣಿನಲ್ಲಿ ಕೊರತೆಯಾದರೆ ಮುದ್ದೆಯಲ್ಲೂ ಕೊರತೆ

ಮೂರು ತಿಂಗಳಿಗೊಮ್ಮೆ ಸಕ್ಕರೆ, ವರ್ಷಕ್ಕೊಮ್ಮೆ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿಕೊಳ್ಳುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಆದರೆ ಮನೆಮಂದಿ ಉಣ್ಣುವ ರಾಗಿ, ಅವರೆ, ಸೊಪ್ಪು ಬೆಳೆಯುವ ಹೊಲದ ಮಣ್ಣನ್ನು ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ಆರೋಗ್ಯದ ಅಂಕಣದಲ್ಲಿ ಮಣ್ಣಿನ ಮಾತೇಕೆ ಎಂದು ಓದುಗರಿಗೆ ಅನ್ನಿಸಬಹುದು. ಗಿಡ ತನ್ನ ಖನಿಜಾಂಶಗಳನ್ನು ಪಡೆಯುವುದು ಮಣ್ಣಿನಿಂದ. ಅಲ್ಲಿ ಕಡಿಮೆಯಿರುವುದು ಕಾಳಿನಲ್ಲೂ ಕಡಿಮೆಯಾಗುತ್ತದೆ. ಅಲ್ಲಿ ಸೇರಬಾರದ್ದು ಸೇರಿದ್ದರೆ ಅದೂ ಬೇರಿನ ಮೂಲಕ ಮೇಲೇರಬಲ್ಲದು.

ಸತುವಿನ ಉದಾಹರಣೆಯನ್ನೇ ನೋಡಿ. ನಮ್ಮ ದೇಹಕ್ಕೆ ಇದು ಬೇಕಾಗುವುದು ದಿನಕ್ಕೆ ಕೆಲವೇ ಮಿಲಿಗ್ರಾಂ. ಅಷ್ಟೂ ಸಿಗದಿದ್ದರೆ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ, ಭೇದಿ ಮತ್ತು ಶ್ವಾಸಕೋಶದ ಸೋಂಕು ಮರುಕಳಿಸುತ್ತವೆ. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆಗೆ 10ರಿಂದ 14 ದಿನ ಸತುವಿನ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಸೂಚಿಸಿದ್ದು ಇದೇ ಕಾರಣಕ್ಕೆ. ನೋಡಿದ ಕೂಡಲೇ ಗುರುತಿಸುವ ಕೊರತೆ ಇದಲ್ಲ. ಮಗು ಸೊರಗಿದೆ, ಊಟ ಸೇರುತ್ತಿಲ್ಲ ಎಂದಷ್ಟೇ ತಾಯಂದಿರು ಹೇಳುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹೊಲಗಳು ಬಹುಪಾಲು ಕಲ್ಲುಬಂಡೆಯ ಮೇಲಿನ ಕೆಮ್ಮಣ್ಣು. ನೀರು ಬೇಗ ಬಸಿದು ಹೋಗುತ್ತದೆ, ಸಾರವೂ ಅದರೊಂದಿಗೆ ಹೋಗುತ್ತದೆ. ಹಿಂದೆ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬರುತ್ತಿದ್ದವು. ವರ್ಷಕ್ಕೊಮ್ಮೆ ತಿಪ್ಪೆ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ. ಇರುವ ಗೊಬ್ಬರವೆಲ್ಲ ಹಣ ತರುವ ಹಿಪ್ಪುನೇರಳೆ ತೋಟಕ್ಕೆ ಮೀಸಲು. ರೇಷ್ಮೆಗೂಡು ಮನೆಗೆ ಕಾಸು ತರುವುದು ನಿಜ, ಆದರೆ ಮಕ್ಕಳು ಉಣ್ಣುವುದು ರಾಗಿ ಹೊಲದ್ದು ಎಂಬುದನ್ನು ಮರೆಯಬಾರದು. ಆ ಹೊಲಕ್ಕೆ ಒಂದಿಷ್ಟು ಡಿಎಪಿ, ಮೇಲುಗೊಬ್ಬರವಾಗಿ ಯೂರಿಯಾ ಬಿದ್ದರೆ ಮುಗಿಯಿತು. ಇವೆರಡರಲ್ಲಿ ಸಿಗುವುದು ಸಾರಜನಕ ಮತ್ತು ರಂಜಕ ಮಾತ್ರ. ಸಾಲದ್ದಕ್ಕೆ ರಂಜಕ ಅತಿಯಾದರೆ ಗಿಡ ಸತುವನ್ನು ಹೀರುವುದಕ್ಕೇ ಅಡ್ಡಿ.

ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಂದಿಗೆ 2009ರಲ್ಲಿ ಆರಂಭಿಸಿದ ಭೂಚೇತನ ಕಾರ್ಯಕ್ರಮದಲ್ಲಿ ಕರ್ನಾಟಕದ ಮಳೆಯಾಶ್ರಿತ ಹೊಲಗಳ ಮಣ್ಣನ್ನು ವ್ಯಾಪಕವಾಗಿ ಪರೀಕ್ಷಿಸಲಾಯಿತು. ಸತು, ಗಂಧಕ, ಬೋರಾನ್‌ಗಳ ಕೊರತೆ ಹಲವು ಕಡೆ ಎದ್ದು ಕಂಡಿತು. ಇವುಗಳನ್ನು ಒದಗಿಸಿದಲ್ಲಿ ಇಳುವರಿಯೂ ಏರಿತು.

ಮಣ್ಣಿಗೆ ಹಾಕಿದ್ದು ಮನುಷ್ಯನ ರಕ್ತದವರೆಗೂ ಬರುತ್ತದೆಯೇ? ಬರುತ್ತದೆ. ಫಿನ್ಲೆಂಡ್ ದೇಶದ ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ಸೆಲೆನಿಯಂ ತೀರ ಕಡಿಮೆ. 1984ರಿಂದ ಅಲ್ಲಿ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸತೊಡಗಿದರು. ಧಾನ್ಯದಲ್ಲಿ, ಹಾಲಿನಲ್ಲಿ, ಕೊನೆಗೆ ಜನರ ರಕ್ತದಲ್ಲೂ ಅದರ ಪ್ರಮಾಣ ಹೆಚ್ಚಿತು.

ಹಾಗೆಂದು ಹೊಲಕ್ಕೆ ಸತುವಿನ ಸಲ್ಫೇಟ್ ಎರಚಿದ ಮಾತ್ರಕ್ಕೆ ಮಗು ಗುಂಡಗಾಗುತ್ತದೆಂದು ಭಾವಿಸಬೇಡಿ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಸತು ಮತ್ತು ಕಬ್ಬಿಣ ದೇಹಕ್ಕೆ ಹತ್ತದಂತೆ ತಡೆಯುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಈ ಅಡ್ಡಿ ಬಹುಮಟ್ಟಿಗೆ ತಗ್ಗುತ್ತದೆ. ಕೂಸಿಗೆ ರಾಗಿ ಸರಿ ಮಾಡುವಾಗ ನಮ್ಮ ಅಜ್ಜಿಯರು ಇದನ್ನೇ ಮಾಡುತ್ತಿದ್ದರು. ಜೊತೆಗೆ ಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ ಅಥವಾ ಮಾಂಸ ಇರಲಿ.

ಬೈರಮಂಗಲದ ಪಾಠ

ಇನ್ನೊಂದು ಮುಖವೂ ಇದೆ. ಬೆಂಗಳೂರಿನ ಕೊಳಚೆ ಹಾಗೂ ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತ ವೃಷಭಾವತಿ ದಶಕಗಳಿಂದ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹರಿದಿದೆ. ಆ ನೀರಿನಿಂದ ಬೆಳೆ ತೆಗೆದ ಜಮೀನುಗಳ ಮಣ್ಣಿನಲ್ಲೂ ಬೆಳೆಯಲ್ಲೂ ಭಾರಲೋಹಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಸೀಸ ಮಕ್ಕಳ ಮೆದುಳಿಗೆ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಹಾನಿ ಮಾಡುವಂಥವು. ಎಲೆಯೊಳಗೆ ಸೇರಿಕೊಂಡ ಲೋಹ ಸೊಪ್ಪನ್ನು ಎಷ್ಟು ತೊಳೆದರೂ ಹೋಗದು, ಬೇಯಿಸಿದರೂ ಹೋಗದು.

ಇಲ್ಲೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ತಂದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ 12 ಅಂಶಗಳಿರುತ್ತವೆ. ಸೀಸ, ಕ್ಯಾಡ್ಮಿಯಂ ಇರುವುದಿಲ್ಲ. ಕೊಳಚೆ ನೀರು ಹರಿದ ಜಮೀನಿನವರು ಚೀಟಿ ಚೆನ್ನಾಗಿದೆಯೆಂದು ನೆಮ್ಮದಿಯಾಗುವಂತಿಲ್ಲ. ಭಾರಲೋಹದ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಿ ಮಾಡಿಸಬೇಕು. ಫಲಿತಾಂಶ ಬರುವವರೆಗೆ ಅಲ್ಲಿ ಸೊಪ್ಪು, ಮೂಲಂಗಿ ಹಾಕದಿರುವುದು ಲೇಸು.

ಮಣ್ಣು ತೆಗೆಯುವ ಕ್ರಮ

ಮಾದರಿ ತಪ್ಪಾದರೆ ಪರೀಕ್ಷೆಯೂ ತಪ್ಪು. ಸುಗ್ಗಿ ಮುಗಿದು ಹೊಲ ಖಾಲಿಯಿರುವಾಗ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಿರಿ. ಬದು, ಮರದ ನೆರಳು, ತಿಪ್ಪೆಯ ಪಕ್ಕ ಬೇಡ. ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಆಕಾರದಲ್ಲಿ ಆರು ಅಂಗುಲ ಆಳದ ಗುಂಡಿ ತೆಗೆದು, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಮಣ್ಣು ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ ನೆರಳಲ್ಲಿ ಒಣಗಿಸಿ. ಗೊಬ್ಬರದ ಹಳೆಯ ಚೀಲದಲ್ಲಿ ತುಂಬಬೇಡಿ. ಜಿಂಕ್ ಲೇಪನದ ತಗಡಿನ ಬಕೆಟ್ಟೂ ಬೇಡ, ಅದರ ಸತು ಮಣ್ಣಿಗೆ ಅಂಟಿ ಇಲ್ಲದ ಸತು ಇದೆಯೆಂದು ತೋರಿಸೀತು. ಪ್ಲಾಸ್ಟಿಕ್ ಬುಟ್ಟಿ, ಶುಭ್ರವಾದ ಬಟ್ಟೆಯ ಚೀಲ ಸಾಕು.

ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚೀಟಿ ಕೈಗೆ ಬಂದಾಗ ಎರಡು ಸಾಲು ಮೊದಲು ನೋಡಿ: ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಹೂವಿಗೆ ಬಂದಾಗ ಉತ್ತು ಮುಚ್ಚುವ ಸೆಣಬು ಬೇಕು. ಸತು ಹತ್ತು ಲಕ್ಷಕ್ಕೆ 0.6 ಭಾಗಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದರ್ಥ. ಎಷ್ಟು ಹಾಕಬೇಕೆಂಬುದನ್ನು ಅಲ್ಲಿಯವರಿಂದಲೇ ಬರೆಸಿಕೊಳ್ಳಿ, ಅಂಗಡಿಯವರ ಮಾತಿನ ಮೇಲೆ ಬೇಡ. ಚೀಲದೊಳಗೆ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಬರೆದ ಕಾಗದ ಇರಲಿ.