ಹಾರವಾಡದಿಂದ ಆಸ್ಪತ್ರೆಗೆ ಎಷ್ಟು ದೂರ?

ಕಾರವಾರ ಬಿಟ್ಟ ಪ್ಯಾಸೆಂಜರ್ ರೈಲಿಗೆ ಅಂಕೋಲಾಕ್ಕಿಂತ ಮೊದಲು ಸಿಗುವ ನಿಲ್ದಾಣ ಹಾರವಾಡ. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಅರಬ್ಬಿ ಸಮುದ್ರ. ನಡುವಿನ ಪಟ್ಟಿಯಲ್ಲೇ ರೈಲು ಹಳಿ, ಹೆದ್ದಾರಿ 66, ಗದ್ದೆ, ತೆಂಗಿನ ಮರ, ಮನೆಮಠ ಎಲ್ಲವೂ ಹೊಂದಿಕೊಂಡಿವೆ. ಹೆದ್ದಾರಿ ದಾಟಿ ಕಡಲ ಕಡೆ ಇಳಿದರೆ ತರಂಗಮೇಟ. ಮಳೆಗಾಲದಲ್ಲಿ ಕಡಲ್ಕೊರೆತದ ಸುದ್ದಿಯಾಗುವ ಊರು ಇದು. ಈ ಕಡೆ ದಾರಿ ಕೇಳಿದರೆ ಜನ ಹೇಳುವ ಗುರುತು ‘ಸೀಬರ್ಡ್ ಕಾಲೊನಿ’.

ಕಾಲೊನಿಯವರ ಮೂಲ ಊರು ಅರ್ಗಾ, ಬಿಣಗಾ ಸುತ್ತಲಿನ ಕರಾವಳಿ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಲ್ಲಿ ನೌಕಾನೆಲೆಗೆ ಅಡಿಗಲ್ಲು ಹಾಕಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಕಾರ್ಯಾರಂಭ ಮಾಡಿತು. ‘ಸೀಬರ್ಡ್’ ಎಂಬ ಈ ನೌಕಾನೆಲೆ ಯೋಜನೆಗೆ ಗುರುತಾದ ಜಾಗ 11 ಸಾವಿರ ಎಕರೆಗೂ ಹೆಚ್ಚು. ಎದ್ದುಹೋದ ಕುಟುಂಬಗಳು ನಾಲ್ಕು ಸಾವಿರಕ್ಕೂ ಮೇಲೆ. ತೋಡೂರು, ಮುದಗಾ, ಹಾರವಾಡ, ಬೇಲೆಕೇರಿ ಎಂದು ಚದುರಿದ ಈ ಜನರನ್ನು ಜಿಲ್ಲೆಯ ಪತ್ರಿಕೆಗಳು ಇವತ್ತಿಗೂ ‘ಸೀಬರ್ಡ್ ನಿರಾಶ್ರಿತರು’ ಎಂದೇ ಬರೆಯುತ್ತವೆ.

ಓಣಿಯಲ್ಲಿ ಜಗಲಿ ಮೇಲೆ ಬಲೆ ಸರಿಪಡಿಸುತ್ತಿದ್ದವರು ಮಾತಿಗೆ ಸಿಕ್ಕರು. ಆರೋಗ್ಯದ ವಿಷಯ ಎತ್ತಿದರೆ ಒಳಗಿಂದ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕೊಟ್ಟೆ ತಂದು ಬಿಚ್ಚಿದರು. ಅದರಲ್ಲಿ ಹಳೆಯ ಪಹಣಿ, ಪಡಿತರ ಚೀಟಿ, ಭೂಪರಿಹಾರದ ‘28ಎ’ ಅರ್ಜಿಯ ನಕಲು, ಅದರ ಕೆಳಗೆ ಬಿಪಿ ಮಾತ್ರೆ, ಡಾಕ್ಟರ ಚೀಟಿ. ಕೋರ್ಟಿಗೆ ಹೋಗದವರೂ ಕೋರ್ಟಿಗೆ ಹೋದವರಷ್ಟೇ ಪರಿಹಾರ ಕೇಳಬಹುದೆಂದು 1894ರ ಭೂಸ್ವಾಧೀನ ಕಾಯ್ದೆಯ 28ಎ ಕಲಮು ಹೇಳುತ್ತಿತ್ತು. ಎಷ್ಟೋ ಮನೆಗಳಲ್ಲಿ ಅರ್ಜಿ ಹಾಕಿದ ತಲೆಮಾರು ತೀರಿಹೋಗಿ, ಮಕ್ಕಳು ವಾರಸಾ ಪತ್ರ ಹಿಡಿದು ತಿರುಗಿದ್ದಾರೆ. ಬಿಪಿಗೂ ಆ ಕಾಗದಕ್ಕೂ ಏನು ಸಂಬಂಧ ಎಂದು ಯಾವ ವೈದ್ಯರೂ ಕೇಳಿಲ್ಲವಂತೆ.

ಮನಸ್ಸಿಗೆ ತ್ರಾಸ ಎಂದು ಇಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ರಾತ್ರಿ ನಿದ್ದೆ ಬೀಳೂದಿಲ್ಲ, ಎದೆ ಧಡಧಡ ಅಂತದೆ, ಊಟ ಸೇರೂದಿಲ್ಲ ಎನ್ನುತ್ತಾರೆ. ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರೆ. ಲಕ್ವಾ ಹೊಡೆದರೆ ಬೆಳಂಬಾರದ ನಾಟಿ ಔಷಧಕ್ಕೆ ಹೋಗುತ್ತಾರೆ. ಗಂಡಸರ ದುಃಖ ಹೆಚ್ಚಾಗಿ ಬಾಟಲಿಗೆ ಇಳಿಯುತ್ತದೆ. ಇದೇ ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಡಿಗೆ ಹೆಸರಾದಂತೆ ಸಾರಾಯಿ ವಿರುದ್ಧದ ಹೋರಾಟಕ್ಕೂ ಹೆಸರಾದವರು.

ಕಡಲಿನವರಿಗೆ ಸ್ಥಳಾಂತರವೆಂದರೆ ಮನೆ ಬದಲಾದಷ್ಟೇ ಅಲ್ಲ. ರಂಪಣಿ ಬಲೆ ಎಳೆಯಲು ಹತ್ತಾರು ಕೈ ಬೇಕು, ಸಿಕ್ಕ ಮೀನಿನಲ್ಲಿ ಎಲ್ಲರಿಗೂ ಪಾಲು. ಕೇರಿ ಚದುರಿದರೆ ಬಲೆಯ ತಂಡ ಒಡೆಯುತ್ತದೆ, ಬಾಣಂತನಕ್ಕೆ ಬರುವ ನೆರೆಯವಳೂ ದೂರವಾಗುತ್ತಾಳೆ. ಮನೆ, ಮರ, ಗುಂಟೆ ಲೆಕ್ಕ ಹಾಕಿದ ಪರಿಹಾರದ ಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಹಾಗಾದರೆ ಮನಸ್ಸಿನ ಈ ತ್ರಾಸಕ್ಕೆ ಈಗ ಎಲ್ಲಿಗೆ ಹೋಗಬೇಕು? ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಬಸುರಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ವಾರದಿಂದ ಹೊರಗೆ ಬಂದಿಲ್ಲ ಎಂಬುದು ಅವರಿಗೆ ಗೊತ್ತು. ಮುಂದಿನದು ಅಂಕೋಲಾ ತಾಲ್ಲೂಕು ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರುಮಾಡಿತು. ಅದಕ್ಕೂ ಮೇಲೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ, ಜನರ ಬಾಯಲ್ಲಿ ‘ಕ್ರಿಮ್ಸ್’. ಎಲ್ಲಿಗೂ ಹೋಗಲಾಗದವರಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ–ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಮೆಟ್ಟಿಲುಗಳೇನೋ ಇವೆ, ಹತ್ತುವುದು ಸುಲಭವಲ್ಲ. ಮೀನು ಮಾರುವ ಹೆಂಗಸಿಗೆ ಮಂಗಳವಾರ ಆಸ್ಪತ್ರೆಯೆಂದರೆ ಆ ದಿನದ ದುಡಿಮೆ ಖೋತಾ. ಕಾಯಿಲೆ ದೊಡ್ಡದಾದರೆ ಜಿಲ್ಲೆಯನ್ನೇ ದಾಟಬೇಕು: ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. 2022ರ ಜುಲೈ 20ರಂದು ಹೊನ್ನಾವರದಿಂದ ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣಿಪಾಲ, ಮಂಗಳೂರಿಗೆ ಹೋಗುವ ದಕ್ಷಿಣದ ದಾರಿಯೇ ಬಂದ್ ಆಯಿತು.

ಇದೇ ಜಿಲ್ಲೆಯ ಮುಂಡಗೋಡದಲ್ಲಿ ಬೇರೆಯೇ ಚಿತ್ರವಿದೆ. 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟನ್ನರ ಶಿಬಿರದಲ್ಲಿ ಅವರದೇ ಆಸ್ಪತ್ರೆಯಿದೆ, ಅವರ ಪಾರಂಪರಿಕ ಔಷಧವಿದೆ, ಮಠಗಳಿವೆ. ನಾಡು ಬಿಟ್ಟ ನೋವು ಅವರಿಗೂ ಕಡಿಮೆಯಲ್ಲ. ಆದರೆ ಒಟ್ಟಿಗೆ ಕೂತ ಜನರಿಗೆ ತಮ್ಮ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುವ ಜಾಗವೊಂದು ಸಿಕ್ಕಿತು. ಕರಾವಳಿಯ ನಿರಾಶ್ರಿತರಿಗೆ ಸಿಕ್ಕಿದ್ದು ಹಂಚಿಹೋದ ನಿವೇಶನಗಳು.

ಹಾಗಾಗಿ ಇಲ್ಲಿ ಆಗಬೇಕಾದ ಕೆಲಸ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಮಂಗಳವಾರದ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಲೊನಿಗೇ ಕಳಿಸಬಹುದು. ಮೀನು ಮಾರಿ ಬಂದ ಮೇಲಿನ ಹೊತ್ತು ಆರಿಸಬೇಕು, ಕೊಂಕಣಿ ಬಲ್ಲವರು ಜೊತೆಗಿರಬೇಕು, ಕರೆತರುವ ಆಶಾಗೆ ಆ ಕೆಲಸದ ಸಂಭಾವನೆ ಸಿಗಬೇಕು. ಮಾನಸಿಕ ಚಿಕಿತ್ಸೆ ಪಡೆಯುವುದು ಹಕ್ಕು ಎಂದು 2017ರ ಕಾಯ್ದೆ ಹೇಳಿದೆ. ದೇಶದ ಕಾವಲಿಗಾಗಿ ಊರು ಬಿಟ್ಟವರು ಆ ಹಕ್ಕಿಗೂ ಅರ್ಜಿ ಹಿಡಿದು ಅಲೆಯುವಂತಾಗಬಾರದು.