ಕಬ್ಬಿನ ಹೊಲದ ಬ್ಯಾಟರಿಗೆ ಇನ್ನಷ್ಟು ಬೆಳಕು

ನಮ್ಮ ಕಡೆ ಟಾರ್ಚಿಗೆ ಯಾರೂ ಟಾರ್ಚ್ ಎನ್ನುವುದಿಲ್ಲ. ಅದು ಬ್ಯಾಟರಿ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ರಾತ್ರಿ ಹೊಲಕ್ಕೆ ಹೊರಟ ರೈತ ಚಪ್ಪಲಿ ಮೆಟ್ಟುವ ಮೊದಲೇ ಕೇಳುವ ಮಾತು, ‘ಬ್ಯಾಟ್ರಿ ಎಲ್ಲೈತಿ?’ ಕೃಷ್ಣೆ, ಘಟಪ್ರಭೆಯರ ನೀರು ಕುಡಿದ ಕಬ್ಬು ಇಲ್ಲಿ ಆಳೆತ್ತರ ದಾಟಿ ನಿಲ್ಲುತ್ತದೆ. ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುವಂಥದು. ಪಾಳಿ ರಾತ್ರಿಗೆ ಬಿದ್ದರೆ ರಾತ್ರಿಯೇ ಮೋಟರು ಚಾಲೂ ಮಾಡಿ ನೀರು ಹಾಯಿಸಬೇಕು. ಹಗಲು ಹೊತ್ತು ಕರೆಂಟು ಕೊಟ್ಟಿದ್ದರೆ ಈ ಲೇಖನದ ಅರ್ಧ ಭಾಗ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ, ಆ ಮಾತು ಬೇರೆ.

ಶಾಲೆ ಬಿಟ್ಟು ಹತ್ತಾರು ವರ್ಷವಾದ ಹಳೆಯ ವಿದ್ಯಾರ್ಥಿಗಳು ಸಂತೆಯಲ್ಲಿ ಎದುರಾದಾಗ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ್, ಈ ಬ್ಯಾಟ್ರಿ ಬೆಳಕು ಇನ್ನೊಂದೀಟು ಜಾಸ್ತಿ ಮಾಡಾಕ ಬರ್ತೈತೇನ್ರಿ?’ ಬರುತ್ತದೆ. ಆದರೆ ರಿಪೇರಿ ಅಂಗಡಿಯಲ್ಲಿ ಸಾಮಾನ್ಯವಾಗಿ ಮಾಡಿಕೊಡುವ ರೀತಿಯಲ್ಲಿ ಅಲ್ಲ. ಅಲ್ಲಿ ಮಾಡುವುದು ಇಷ್ಟೆ. ಒಳಗಿರುವ ಪುಟ್ಟ ರೆಸಿಸ್ಟರನ್ನು ಕಿತ್ತು ತಂತಿಯಿಂದ ನೇರವಾಗಿ ಜೋಡಿಸಿಬಿಡುತ್ತಾರೆ. ಬೆಳಕು ಭಗ್ಗನೆ ಏರುತ್ತದೆ, ಗಿರಾಕಿಗೆ ಖುಷಿಯಾಗುತ್ತದೆ. ಕೆಲವು ದಿನಗಳಲ್ಲಿ ಬೆಳಕು ನೀಲಿ ಛಾಯೆಗೆ ತಿರುಗಿ ಮಂಕಾಗುತ್ತ ಬರುತ್ತದೆ.

ಹೀಗೇಕೆ? ಇದಕ್ಕೆ ಎಲ್‌ಇಡಿಯ ಹುಟ್ಟುಗುಣ ತಿಳಿಯಬೇಕು. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿಯನ್ನು ಬೆಳಗಿಸಿದರು. ಪ್ರಖರ ನೀಲಿ ಬಣ್ಣದ್ದು ಕೈಗೆ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಸಂದಿತು. ನಮ್ಮ ಬ್ಯಾಟರಿಯ ಬಿಳಿ ಬೆಳಕಿನ ಬೇರು ಈ ನೀಲಿಯೇ. ನೀಲಿ ಚಿಪ್ಪಿನ ಮೇಲೆ ಹಳದಿ ರಂಜಕದ ಲೇಪವಿರುತ್ತದೆ. ನೀಲಿ ಮತ್ತು ಹಳದಿ ಕೂಡಿ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಮಿತಿಮೀರಿ ಕಾದಾಗ ಲೇಪ ಸೊರಗುತ್ತದೆ, ನೀಲಿ ಹಾಗೆಯೇ ಹೊರಬೀಳುತ್ತದೆ. ನೀಲಿ ಛಾಯೆ ಕಂಡರೆ ಆ ಎಲ್‌ಇಡಿಗೆ ಜ್ವರ ಬಂದಿದೆ ಎಂದೇ ತಿಳಿಯಿರಿ.

ಹಳೆಯ ತಂತಿಬುರುಡೆಯೂ ಬಿಸಿಯಾಗುತ್ತಿತ್ತಲ್ಲ ಎನ್ನಬಹುದು. ನಿಜ, ಆದರೆ ಅದರ ಶಾಖ ಬೆಳಕಿನ ಜೊತೆಯಲ್ಲೇ ಕಿರಣವಾಗಿ ಮುಂದಕ್ಕೆ ಹೋಗುತ್ತಿತ್ತು. ಎಲ್‌ಇಡಿಯ ಶಾಖ ಹಿಂದಕ್ಕೆ, ಅದು ಕೂತ ಅಲ್ಯೂಮಿನಿಯಂ ಬಿಲ್ಲೆಯ ಮೂಲಕವೇ ಇಳಿದು ಹೋಗಬೇಕು. ಅಗ್ಗದ ಬ್ಯಾಟರಿಗಳಲ್ಲಿ ಆ ಬಿಲ್ಲೆಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಎಂದರೆ ಶಾಖಕ್ಕೆ ಬಾಗಿಲು ಹಾಕಿದಂತೆ.

ಒಂದು ಲೆಕ್ಕ ನೋಡೋಣ. 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ, 1 ವಾಟಿನ ಎಲ್‌ಇಡಿ. ಈ ಎಲ್‌ಇಡಿಗೆ 350 ಮಿಲಿ ಆಂಪಿಯರ್ ಸಲ್ಲುತ್ತದೆ, ಆಗ ಅದು ಹಿಡಿದುಕೊಳ್ಳುವುದು ಸುಮಾರು 3.2 ವೋಲ್ಟ್. ಉಳಿದ 0.8 ವೋಲ್ಟನ್ನು 0.35ರಿಂದ ಭಾಗಿಸಿದರೆ 2.3 ಓಮ್. ಅಂಗಡಿಯಲ್ಲಿ ಸಿಗುವ 2.2 ಓಮಿನ, ಅರ್ಧ ವಾಟಿನ ರೆಸಿಸ್ಟರು ಸಾಕು. ಇದನ್ನು 1 ಓಮಿಗೆ ಇಳಿಸಿದರೆ ಕರೆಂಟು 600 ಮಿಲಿ ಆಂಪಿಯರಿನ ಸಮೀಪಕ್ಕೆ ಹೋಗುತ್ತದೆ. ಎಲ್‌ಇಡಿ ನುಂಗುವ ವಿದ್ಯುತ್ತು 1.1 ವಾಟಿನಿಂದ 2 ವಾಟಿಗೇರುತ್ತದೆ. ಬೆಳಕು ಮಾತ್ರ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಕರೆಂಟು ಏರಿದಷ್ಟೂ ಎಲ್‌ಇಡಿಯ ದಕ್ಷತೆ ತಗ್ಗುತ್ತ ಹೋಗುತ್ತದೆ. ಬ್ಯಾಟರಿ ಬಾಳುವ ಹೊತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಡುರಾತ್ರಿ ಕಬ್ಬಿನ ನಡುವೆ ಬೆಳಕು ಕೈಕೊಟ್ಟರೆ ಆ ಒಂದೂವರೆ ಪಟ್ಟು ಯಾವ ಉಪಯೋಗಕ್ಕೆ ಬಂತು?

ಇನ್ನೊಂದು ಸಂಗತಿಯನ್ನು ಹತ್ತನೆಯ ತರಗತಿಯ ಹುಡುಗರೂ ಲೆಕ್ಕ ಹಾಕಿ ಹೇಳಬಲ್ಲರು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ಎರಡು ಪಟ್ಟು ದೂರ ಅಷ್ಟೇ ನಿಚ್ಚಳವಾಗಿ ಕಾಣಬೇಕಾದರೆ ಬೆಳಕು ನಾಲ್ಕು ಪಟ್ಟಾಗಬೇಕು. ಒಂದೂವರೆ ಪಟ್ಟು ಬೆಳಕಿಗೆ ದೂರ ಹೆಚ್ಚುವುದು ನೂರಕ್ಕೆ ಇಪ್ಪತ್ತೆರಡರಷ್ಟು ಮಾತ್ರ. ಡಬ್ಬಿಯ ಮೇಲೆ ‘2 ಕಿಲೋಮೀಟರ್’ ಎಂದು ಅಚ್ಚು ಹಾಕುವವರು ಈ ಲೆಕ್ಕವನ್ನು ಮರೆತೇ ಅಚ್ಚು ಹಾಕಿರಬೇಕು. ಅಮೆರಿಕದಲ್ಲಿ 2009ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ, ಬೆಳಕು ಹುಣ್ಣಿಮೆಯಷ್ಟಕ್ಕೆ, ಅಂದರೆ 0.25 ಲಕ್ಸಿಗೆ ಇಳಿಯುವ ದೂರವೇ ಅದರ ವ್ಯಾಪ್ತಿ. ಹಾಗೆ ನೋಡಿದರೆ ಒಂದು ಕಿಲೋಮೀಟರಿಗೇ ಎರಡೂವರೆ ಲಕ್ಷ ಕ್ಯಾಂಡೆಲಾ ಬೇಕು. ಎರಡಕ್ಕೆ ಹತ್ತು ಲಕ್ಷ.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ ಕೆಲಸದಿಂದ ಪ್ರಾರಂಭಿಸೋಣ. ಮುಂದಿನ ಗಾಜನ್ನು ಒಳಗೂ ಹೊರಗೂ ಮೆತ್ತನೆಯ ಬಟ್ಟೆಯಿಂದ ಒರೆಸಿ. ರಿಫ್ಲೆಕ್ಟರಿನ ಒಳಮೈಯನ್ನು ಮಾತ್ರ ಉಜ್ಜಬೇಡಿ, ತೆಳುವಾದ ಹೊಳಪು ಎದ್ದುಬರುತ್ತದೆ. ಧೂಳನ್ನು ಊದಿದರೆ ಸಾಕು. ಸ್ಪ್ರಿಂಗ್ ಮತ್ತು ಸ್ವಿಚ್ಚಿನ ತುದಿಗಳ ಕಿಲುಬನ್ನು ನುಣುಪು ಮರಳುಕಾಗದದಿಂದ ತೆಗೆಯಿರಿ. ಇದನ್ನು ಸಣ್ಣ ಕೆಲಸವೆಂದು ತಿಳಿಯಬೇಡಿ. 0.2 ಓಮಿನಷ್ಟು ಕಿಲುಬಿದ್ದರೂ 600 ಮಿಲಿ ಆಂಪಿಯರಿಗೆ 0.12 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ನಮ್ಮ ಕೈಯಲ್ಲಿರುವ ಹೆಚ್ಚುವರಿ ವೋಲ್ಟೇ 0.6 ಎಂಬುದನ್ನು ನೆನೆದರೆ ಇದು ಐದರಲ್ಲೊಂದು ಪಾಲು. ಸ್ಪ್ರಿಂಗಿನ ಬುಡದಿಂದ ತುದಿಗೆ ಒಂದೆಳೆ ದಪ್ಪ ತಾಮ್ರದ ತಂತಿ ಬೆಸೆದರೆ ಇನ್ನೂ ಒಳ್ಳೆಯದು.

ಆಮೇಲೆ ಎಲ್‌ಇಡಿ. ನನ್ನ ಸಲಹೆ ಸ್ವಲ್ಪ ವಿಚಿತ್ರವಾಗಿ ತೋರಬಹುದು: 1 ವಾಟಿನದನ್ನು ತೆಗೆದು ಒಳ್ಳೆಯ ತಯಾರಿಕೆಯ 3 ವಾಟಿನದನ್ನು ಹಾಕಿ, ಆದರೆ ಕರೆಂಟನ್ನು ಮೊದಲಿನಷ್ಟೇ ಇಡಿ. ಗಟ್ಟಿ ಎತ್ತಿಗೆ ಹಗುರ ಹೇರು ಹೇರಿದಂತೆ ಅದು ತಣ್ಣಗೆ, ದಕ್ಷವಾಗಿ ದುಡಿದು ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ. ಬಿಲ್ಲೆಯ ಹಿಂದೆ ಶಾಖ ಸಾಗಿಸುವ ಲೇಪವನ್ನು ತೆಳುವಾಗಿ ಸವರಿ, ಅದಕ್ಕೊಂದು ಅಲ್ಯೂಮಿನಿಯಂ ತುಂಡು ಜೋಡಿಸಿ. ಐದು ನಿಮಿಷ ಹಚ್ಚಿಟ್ಟ ಮೇಲೆ ಆ ತುಂಡು ಬೆಚ್ಚಗಾಗಿದ್ದರೆ ಶಾಖಕ್ಕೆ ದಾರಿ ಸಿಕ್ಕಿದೆ ಎಂದರ್ಥ. ಅದು ತಣ್ಣಗೇ ಇದ್ದರೆ ಖುಷಿಪಡಬೇಡಿ, ಶಾಖವೆಲ್ಲ ಚಿಪ್ಪಿನಲ್ಲೇ ಕುದಿಯುತ್ತಿರಬಹುದು.

ಇಲ್ಲಿಂದ ಮುಂದಿನದು ಜೀವದ ಮಾತು. ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಅಗ್ಗದ ಬ್ಯಾಟರಿಗಳಲ್ಲಿ ಅನೇಕಕ್ಕೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರು ಕರೆಂಟನ್ನು ಹಿಡಿದಿಡುತ್ತದೆ, ಅಷ್ಟೆ. ಅಂದರೆ ಚಾರ್ಜಿಗಿಟ್ಟಾಗ ಒಳಗಿನ ಪ್ರತಿಯೊಂದು ತಂತಿಗೂ 230 ವೋಲ್ಟಿನ ಸಂಪರ್ಕ ಇದೆ. 4 ವೋಲ್ಟಿನ ಬ್ಯಾಟರಿ ತಾನೇ ಎಂದು ಬಿಚ್ಚಿ ಮುಟ್ಟಿದರೆ ಗತಿ ಕೆಟ್ಟಿತು. ಶಾಖ ಹೋಗಲೆಂದು ಜೋಡಿಸಿದ ಅಲ್ಯೂಮಿನಿಯಂ ತುಂಡು ಹೊರಕ್ಕೆ ಇಣುಕಬಾರದು, ಅದಕ್ಕೂ ಇದೇ ಕಾರಣ. ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ, ಕೆಪಾಸಿಟರು ಬರಿದಾಗಲು ಒಂದೆರಡು ನಿಮಿಷ ಬಿಡಿ.

ಎರಡನೆಯದು ಲಿಥಿಯಂ ಸೆಲ್ಲು. ಹಳೆಯ ಲ್ಯಾಪ್‌ಟಾಪುಗಳಿಂದ ತೆಗೆದ 18650 ಎಂಬ ಸೆಲ್ಲುಗಳನ್ನು, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದವು, ಸೀಸದ ಬ್ಯಾಟರಿಯ ಜಾಗದಲ್ಲಿ ಕೂರಿಸಿ ಹಳೆಯ ಚಾರ್ಜರಿನಿಂದಲೇ ಚಾರ್ಜ್ ಮಾಡುವ ಚಾಳಿ ಬಂದಿದೆ. ಲಿಥಿಯಂ ಸೆಲ್ಲು 4.2 ವೋಲ್ಟಿಗಿಂತ ಮೇಲೆ ಹೋಗಕೂಡದು. ಸೀಸದ ಚಾರ್ಜರಿಗೆ ಆ ಗೊಡವೆಯೇ ಇಲ್ಲ, ಅದು ತುಂಬುತ್ತಲೇ ಇರುತ್ತದೆ. ರಾತ್ರಿ ಮಲಗುವ ಮನೆಯಲ್ಲಿ ಚಾರ್ಜಿಗಿಟ್ಟು ನಿದ್ದೆ ಹೋದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಲಿಥಿಯಂ ಬೇಕೇ ಬೇಕೆಂದರೆ ರಕ್ಷಣಾ ಬಿಲ್ಲೆಯುಳ್ಳ ಹೊಸ ಸೆಲ್ಲು, ಅದಕ್ಕೇ ಮಾಡಿದ ಚಾರ್ಜರು ತನ್ನಿ, ಹಳೆಯದನ್ನು ಕಿತ್ತು ಬಿಸಾಡಿ.

ರಬಕವಿ-ಬನಹಟ್ಟಿಯ ನೇಕಾರರ ಬೇಡಿಕೆ ಬೇರೆ. ಕರೆಂಟು ಹೋದಾಗ ಹರಿದ ಎಳೆ ಹುಡುಕಿ ಗಂಟು ಹಾಕಲು ಅವರಿಗೆ ದೂರ ಹೋಗುವ ಬೆಳಕು ಬೇಡ, ಹರಡುವ ಬೆಳಕು ಬೇಕು. ಗಾಜಿನ ಒಳಗೆ ಒಂದು ಹಾಳೆ ಟ್ರೇಸಿಂಗ್ ಕಾಗದ ಕತ್ತರಿಸಿ ಇಟ್ಟರೆ ಕೆಲಸವಾಯಿತು. ನೀಲಿ ಹೆಚ್ಚಿರುವ ಬಿಳಿ ಎಲ್‌ಇಡಿಯಲ್ಲಿ ಕೆಂಪು ಬಣ್ಣ ಬಡವಾಗಿ ಕಾಣುತ್ತದೆ. ನೂಲಿನ ಬಣ್ಣ ಹೊಂದಿಸುವವರು ಹಳದಿ ಛಾಯೆಯ ಎಲ್‌ಇಡಿಯನ್ನು ಹಾಕಿಸಿಕೊಳ್ಳುವುದು ಲೇಸು.

ಹೊಲಕ್ಕೆ ಹೋಗುವವರಿಗೂ ಇದೇ ಕಾಗದದ ಉಪಾಯವನ್ನು ನಾನು ಹೇಳುತ್ತೇನೆ, ಅರ್ಧ ಗಾಜಿಗೆ ಮಾತ್ರ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ವರ್ಷಕ್ಕೆ ಸರಾಸರಿ 58 ಸಾವಿರ, ಅವರಲ್ಲಿ ಹೆಚ್ಚಿನವರು ಹಳ್ಳಿಗರು. ಕಟ್ಟುಹಾವು, ಕೊಳಕುಮಂಡಲ ಎರಡೂ ರಾತ್ರಿ ಸಂಚಾರದವು. ಅವು ಇರುವುದು ಅರ್ಧ ಕಿಲೋಮೀಟರ್ ಆಚೆಗಲ್ಲ, ಬದುವಿನ ಹುಲ್ಲಿನಲ್ಲಿ, ನಮ್ಮ ಮುಂದಿನ ಎರಡು ಹೆಜ್ಜೆಯೊಳಗೆ. ಕಾಗದವಿಲ್ಲದ ಅರ್ಧದಿಂದ ಬೆಳಕು ಪಂಪ್‌ಸೆಟ್ಟಿನವರೆಗೆ ಹೋಗಲಿ, ಕಾಗದವಿರುವ ಅರ್ಧದ್ದು ಕಾಲಬುಡದಲ್ಲಿ ಹರಡಲಿ. ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರು ಬಂದಾಗ ಮಾತ್ರ ಬ್ಯಾಟರಿಯ ಮುಖವನ್ನು ಕೆಳಗೆ ಮಾಡಿ ಹಿಡಿಯಿರಿ, ಚಾಲಕನಿಗೆ ಕಣ್ಣು ಕತ್ತಲೆ ಕಟ್ಟುತ್ತದೆ.